ಎಣ್ಣೆಯಲ್ಲಿ ಮುಳುಗದ ಚಿಕನ್ ಕಟ್ಸು

ಏರ್ ಫ್ರೈಯರಿನಲ್ಲಿ ಮೊದಲ ಬಾರಿ ಚಿಕನ್ ಕಟ್ಸು, ಅಂದರೆ ಬ್ರೆಡ್ ಪುಡಿ ಹೊದಿಸಿದ ಜಪಾನೀ ಕೋಳಿ ಕಟ್ಲೆಟ್, ಮಾಡಿದವರಿಗೆ ಬಹುತೇಕ ಒಂದೇ ಅನುಭವವಾಗುತ್ತದೆ. ಹತ್ತು ನಿಮಿಷದ ನಂತರ ಬುಟ್ಟಿ ಎಳೆದು ನೋಡಿದರೆ ಮಾಂಸ ಬೆಂದಿದೆ, ಮೇಲಿನ ಬ್ರೆಡ್ ಪುಡಿ ಮಾತ್ರ ಹಾಕಿದಾಗ ಇದ್ದ ಹಾಗೆಯೇ ಬೆಳ್ಳಗಿದೆ. ಎಣ್ಣೆಯ ಹನಿ ಬಿದ್ದ ಕಡೆ ಕಂದು ಮಚ್ಚೆ, ಉಳಿದ ಕಡೆಯೆಲ್ಲ ಮರದ ಹೊಟ್ಟು. ಬಣ್ಣ ಬರಲಿ ಎಂದು ಇನ್ನೈದು ನಿಮಿಷ ಬಿಟ್ಟರೆ ಅರೆಬರೆ ಬಣ್ಣವೇನೋ ಬರುತ್ತದೆ, ಆದರೆ ಅಷ್ಟರಲ್ಲಿ ಒಳಗಿನ ಕೋಳಿ ಒಣಗಿ ನಾರಾಗಿರುತ್ತದೆ.

ಮೂರು ಸಲ ಹೀಗೆ ಕೆಡಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ತಪ್ಪು ಉಷ್ಣಾಂಶದ್ದೂ ಅಲ್ಲ, ಸಮಯದ್ದೂ ಅಲ್ಲ. ಎಣ್ಣೆ ಮಾಡುವ ಕೆಲಸವನ್ನು ಗಾಳಿಯಿಂದ ಮಾಡಿಸಲು ಹೊರಟದ್ದೇ ತಪ್ಪು. ಕಟ್ಸುವಿನಲ್ಲಿ ಆಗಬೇಕಾದ ಕೆಲಸ ಎರಡು. ಒಳಗೆ ಮಾಂಸ ಬೇಯಬೇಕು, ಹೊರಗೆ ಹೊದಿಕೆ ಹುರಿಯಬೇಕು. ಕಾದ ಎಣ್ಣೆ ಎರಡನ್ನೂ ಒಂದೇ ಏಟಿಗೆ ಮುಗಿಸುತ್ತದೆ. ಬಿಸಿಗಾಳಿಗೆ ಅಷ್ಟು ಶಕ್ತಿಯಿಲ್ಲ. ಹಾಗಾಗಿ ಹೊದಿಕೆಯನ್ನು ಮೊದಲೇ ಬಾಣಲೆಯಲ್ಲಿ ಹುರಿದುಕೊಂಡು, ಮಾಂಸ ಬೇಯಿಸುವುದನ್ನಷ್ಟೇ ಯಂತ್ರಕ್ಕೆ ಬಿಡಬೇಕು.

ಓವನ್ನಿನಿಂದ ಎಣ್ಣೆಗೆ, ಎಣ್ಣೆಯಿಂದ ಮತ್ತೆ ಓವನ್ನಿಗೆ

‘ಕಟ್ಸು’ ಎಂಬುದು ‘ಕಟ್ಸುರೆತ್ಸು’ ಎಂಬ ಪದದ ಮೊಟಕು ರೂಪ. ಕಟ್ಲೆಟ್ ಎಂಬ ಪದ ಜಪಾನೀಯರ ನಾಲಿಗೆಯಲ್ಲಿ ಹೊರಳಿದ ಬಗೆ ಅದು. ಮಾಂಸಾಹಾರದ ಮೇಲೆ ಜಪಾನಿನಲ್ಲಿ ಬಹುಕಾಲ ಒಂದಲ್ಲ ಒಂದು ನಿರ್ಬಂಧವಿತ್ತು. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ಹೊರಡಿಸಿದ ಆಜ್ಞೆಯಲ್ಲಿ ದನ, ಕುದುರೆ, ನಾಯಿ, ಮಂಗಗಳ ಜೊತೆಗೆ ಕೋಳಿಯೂ ಇತ್ತು; ವರ್ಷದ ಕೆಲವು ತಿಂಗಳು ಇವನ್ನು ತಿನ್ನುವಂತಿರಲಿಲ್ಲ. 1872ರಲ್ಲಿ ಮೇಯ್ಜಿ ಚಕ್ರವರ್ತಿ ದನದ ಮಾಂಸ ಸೇವಿಸಿದ ಸುದ್ದಿ ಬಹಿರಂಗವಾದ ಮೇಲೆ ನಗರಗಳಲ್ಲಿ ಪಾಶ್ಚಾತ್ಯ ಅಡುಗೆಯ ಗಾಳಿ ಬೀಸತೊಡಗಿತು.

ಟೋಕಿಯೊದ ಗಿಂಜಾದಲ್ಲಿ 1895ರಲ್ಲಿ ಶುರುವಾದ ರೆಂಗಾತೆಯ್ ಎಂಬ ರೆಸ್ಟೋರೆಂಟ್ ಇಂದಿಗೂ ಇದೆ. ಅಲ್ಲಿ ಫ್ರೆಂಚರ ರೀತಿಯಲ್ಲಿ ಬೆಣ್ಣೆಯಲ್ಲಿ ಬಾಡಿಸಿ ಓವನ್ನಿನಲ್ಲಿ ಬೇಯಿಸುತ್ತಿದ್ದ ಕಟ್ಲೆಟ್ಟನ್ನು 1899ರಲ್ಲಿ ತೆಂಪುರದ (ಹಿಟ್ಟಿನಲ್ಲಿ ಅದ್ದಿ ಕರಿಯುವ ಜಪಾನೀ ತಿನಿಸು) ಹಾಗೆ ಎಣ್ಣೆಯಲ್ಲಿ ಮುಳುಗಿಸಿ ಕರಿಯಲು ಆರಂಭಿಸಿದರು ಎನ್ನುತ್ತಾರೆ. ಪಕ್ಕದಲ್ಲಿ ಕೂದಲೆಳೆಯಂತೆ ಹೆಚ್ಚಿದ ಹಸಿ ಎಲೆಕೋಸನ್ನು ಬಡಿಸುವ ರೂಢಿಯೂ ಅಲ್ಲಿಂದಲೇ ಬಂದದ್ದೆಂಬ ಮಾತಿದೆ. ಹಂದಿ ಮಾಂಸದ್ದು ತೊಂಕಟ್ಸು ಎನಿಸಿಕೊಂಡಿತು, ಕೋಳಿಯದು ಚಿಕನ್ ಕಟ್ಸು ಅಥವಾ ತೊರಿಕಟ್ಸು. ಜಪಾನೀ ಭಾಷೆಯಲ್ಲಿ ‘ಗೆಲ್ಲು’ ಎಂಬುದಕ್ಕೂ ‘ಕಟ್ಸು’ ಎಂಬ ಉಚ್ಚಾರವೇ ಇರುವುದರಿಂದ ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಇದನ್ನು ತಿನ್ನಿಸುವ ಮನೆಗಳು ಅಲ್ಲಿ ಬಹಳ.

ಓವನ್ನಿನಿಂದ ಎಣ್ಣೆಗೆ ಹೋದ ಆ ತಿನಿಸನ್ನು ನಾವೀಗ ಮತ್ತೆ ಓವನ್ನಿಗೇ ತರುತ್ತಿದ್ದೇವೆ. ಏಕೆಂದರೆ ಏರ್ ಫ್ರೈಯರ್ ಹೆಸರಿಗಷ್ಟೇ ಫ್ರೈಯರ್. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಪರಿಚಯಿಸಿದಾಗ ಇಟ್ಟ ಹೆಸರು ಜನರ ಬಾಯಲ್ಲಿ ನಿಂತುಬಿಟ್ಟಿದೆ. ಒಳಗಿರುವುದು ಒಂದು ಕಾಯುವ ಸುರುಳಿ, ಅದರ ಗಾಳಿಯನ್ನು ರಭಸವಾಗಿ ತಿರುಗಿಸುವ ಒಂದು ಫ್ಯಾನ್, ಕೆಳಗೆ ತೂತುಗಳಿರುವ ಬುಟ್ಟಿ. ಪುಟ್ಟ, ಬಿರುಸಾದ ಓವನ್, ಅಷ್ಟೆ.

ಗಾಳಿ ಏಕೆ ಸೋಲುತ್ತದೆ

180 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನೊಳಗೆ ಕ್ಷಣಕಾಲ ಕೈಯಿಟ್ಟು ತೆಗೆದರೆ ಏನೂ ಆಗುವುದಿಲ್ಲ. ಅಷ್ಟೇ ಕಾದ ಎಣ್ಣೆಯ ಒಂದು ಹನಿ ಸಿಡಿದರೂ ಬೊಬ್ಬೆ ಏಳುತ್ತದೆ. ಉಷ್ಣಾಂಶ ಒಂದೇ, ಶಾಖವನ್ನು ದಾಟಿಸುವ ವೇಗ ಬೇರೆ. ಎಣ್ಣೆ ದಟ್ಟವಾದ ದ್ರವ. ಬ್ರೆಡ್ ಪುಡಿಯ ಪ್ರತಿ ಸಂದಿಗೂ ನುಗ್ಗಿ ಅಂಟಿಕೊಂಡು ಶಾಖ ಕೊಡುತ್ತದೆ. ಗಾಳಿ ತೆಳು, ಫ್ಯಾನ್ ಎಷ್ಟೇ ಬೀಸಿದರೂ ಅದು ಹೊತ್ತು ತರುವ ಶಾಖ ಎಣ್ಣೆಯದಕ್ಕಿಂತ ಎಷ್ಟೋ ಪಾಲು ಕಡಿಮೆ.

ಇನ್ನೊಂದು ತೊಡಕು ನೀರಿನದು. ಮೇಲ್ಮೈಯಲ್ಲಿ ನೀರಿನ ಪಸೆ ಇರುವವರೆಗೂ ಅದು ಆವಿಯಾಗುತ್ತಾ, ಬೆವರು ಮೈಯನ್ನು ತಣಿಸುವ ಹಾಗೆ, ಹೊದಿಕೆಯನ್ನು ತಂಪಾಗಿಡುತ್ತದೆ. ಯಂತ್ರದ ಪರದೆಯ ಮೇಲೆ 200 ಎಂದಿದ್ದರೂ ಒದ್ದೆಯಾದ ಬ್ರೆಡ್ ಪುಡಿ 100 ಡಿಗ್ರಿಯ ಆಸುಪಾಸನ್ನು ದಾಟಲಾರದು. ಹೊಂಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಮೈಯಾರ್ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ಮೇಲೆ. ಕಾದ ಎಣ್ಣೆಯಲ್ಲಿ ಈ ನೀರು ಭುಸುಗುಟ್ಟುತ್ತಾ ಒಂದೆರಡು ನಿಮಿಷದಲ್ಲಿ ಹೊರಟುಹೋಗುತ್ತದೆ. ನಮಗೆ ಕಾಣುವ ಗುಳ್ಳೆಗಳು ಅವೇ. ಗಾಳಿಯಲ್ಲಿ ಅದು ನಿಧಾನವಾಗಿ ಆರಬೇಕು. ಅಷ್ಟರಲ್ಲಿ ಕೆಳಗಿನ ಮೊಟ್ಟೆ ಮತ್ತು ಮಾಂಸ ಇನ್ನಷ್ಟು ತೇವವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ.

ಹಾಗಾದರೆ ಮೇಲಿನಿಂದ ಎಣ್ಣೆ ಸಿಂಪಡಿಸಿದರೆ ಸಾಲದೇ? ಸಾಲದು. ಹನಿ ಬಿದ್ದ ಕಡೆ ಮಾತ್ರ ಕೆಂಪಾಗುತ್ತದೆ, ಪುಡಿಯ ಒಳಪದರಕ್ಕೆ ಎಣ್ಣೆ ತಲುಪುವುದೇ ಇಲ್ಲ. ಮೊದಲೇ ಹುರಿದ ಪುಡಿಯಲ್ಲಿ ಈ ಮೂರು ಕೊರತೆಗಳೂ ತೀರಿರುತ್ತವೆ: ನೀರು ಹೋಗಿದೆ, ಬಣ್ಣ ಬಂದಿದೆ, ಎಣ್ಣೆ ಪ್ರತಿ ಕಣಕ್ಕೂ ಹತ್ತಿದೆ.

ಪಾಂಕೊ ಎಂದರೆ ಯಾವುದೋ ಬ್ರೆಡ್ ಪುಡಿಯಲ್ಲ

ಪೋರ್ಚುಗೀಸರಿಂದ ಜಪಾನೀಯರು ಪಡೆದ ‘ಪಾನ್’ ಎಂದರೆ ಬ್ರೆಡ್, ‘ಕೊ’ ಎಂದರೆ ಪುಡಿ. ಸಾಮಾನ್ಯ ಬ್ರೆಡ್ ಪುಡಿ ರವೆಯಂತೆ ದುಂಡಗೆ, ಒತ್ತಾಗಿರುತ್ತದೆ. ಹೊದಿಕೆ ಮಾಡಿದರೆ ಕವಚದಂತೆ ಗಟ್ಟಿಯಾಗಿ ಕೂರುತ್ತದೆ. ಪಾಂಕೊ ಉದ್ದುದ್ದ ಚೂರುಗಳಾಗಿ, ಅಂಕುಡೊಂಕಾಗಿ, ಹಗುರವಾಗಿರುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆಂದೇ ತಯಾರಾಗುವ ಒಂದು ಬಗೆಯ ಬ್ರೆಡ್ಡನ್ನು ಓವನ್ನಿನಲ್ಲಿ ಸುಡುವುದೇ ಇಲ್ಲ. ಹಿಟ್ಟಿನ ಮುದ್ದೆಯನ್ನು ಎರಡು ಲೋಹದ ಹಲಗೆಗಳ ನಡುವೆ ಇಟ್ಟು ವಿದ್ಯುತ್ ಹಾಯಿಸುತ್ತಾರೆ. ಹಿಟ್ಟು ತನ್ನೊಳಗಿಂದಲೇ ಕಾದು ಬೇಯುತ್ತದೆ, ಹಾಗಾಗಿ ಕಂದು ಸಿಪ್ಪೆ ಕಟ್ಟುವುದಿಲ್ಲ. ಆ ಬಿಳಿಯ ಬ್ರೆಡ್ಡನ್ನು ಹೆರೆದರೆ ಪಾಂಕೊ. ಈ ಚೂರುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ನಿಂತು ನಡುವೆ ಗಾಳಿಗೆ ಜಾಗ ಬಿಡುತ್ತವೆ. ಕಟ್ಸು ಕಚ್ಚಿದಾಗ ಕೇಳುವ ಸದ್ದು ಆ ಜಾಗದ್ದು.

ಜಪಾನಿನ ಒಳ್ಳೆಯ ತೊಂಕಟ್ಸು ಅಂಗಡಿಗಳು ಒಣ ಪಾಂಕೊಗಿಂತ ತೇವವಿರುವ ‘ನಾಮಾ ಪಾಂಕೊ’ವನ್ನು ಮೆಚ್ಚುತ್ತವೆ. ಅದರೊಳಗಿನ ನೀರು ಎಣ್ಣೆಯಲ್ಲಿ ಹಬೆಯಾಗಿ ಸಿಡಿದು ಚೂರುಗಳನ್ನು ಮುಳ್ಳಿನಂತೆ ನಿಮಿರಿಸುತ್ತದೆ. ಒಣ ಪಾಂಕೊಗೆ ಸ್ವಲ್ಪ ನೀರು ಚಿಮುಕಿಸಿ ಎಂಬ ಸಲಹೆ ಎಲ್ಲಾದರೂ ಕಂಡರೆ ಅದು ಎಣ್ಣೆಯಲ್ಲಿ ಕರಿಯುವವರಿಗೆ ಹೇಳಿದ್ದು. ನಮಗೆ ಬೇಕಾದದ್ದು ಅದಕ್ಕೆ ನೇರ ವಿರುದ್ಧ.

ಹುರಿಯುವ ಹದ

ನಾಲ್ಕು ತುಂಡುಗಳಿಗೆ ಸುಮಾರು 100 ಗ್ರಾಂ ಒಣ ಪಾಂಕೊ, ಎರಡು ದೊಡ್ಡ ಚಮಚ, ಅಂದರೆ 30 ಮಿಲಿಲೀಟರ್, ವಾಸನೆಯಿಲ್ಲದ ಎಣ್ಣೆ. ಒಲೆ ಹಚ್ಚುವ ಮೊದಲೇ ಅಗಲವಾದ ಬಾಣಲೆಯಲ್ಲಿ ಎರಡನ್ನೂ ಬೆರಳ ತುದಿಯಿಂದ ಹಗುರವಾಗಿ ಉಜ್ಜಿ ಬೆರೆಸಿ. ಕಾದ ಬಾಣಲೆಗೆ ಎಣ್ಣೆ ಸುರಿದು ಆಮೇಲೆ ಪುಡಿ ಹಾಕಿದರೆ ಮೊದಲು ಬಿದ್ದ ಹಿಡಿಯಷ್ಟು ಪುಡಿ ಎಣ್ಣೆಯನ್ನೆಲ್ಲ ಹೀರಿಕೊಂಡು ಉಳಿದದ್ದು ಒಣಗಿಯೇ ಇರುತ್ತದೆ.

ಉರಿ ಮಧ್ಯಮಕ್ಕಿಂತ ತುಸು ಕಡಿಮೆ ಇರಲಿ, ಕೈ ನಿಲ್ಲಿಸಬೇಡಿ. ಮೊದಲ ಮೂರು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ. ಪುಡಿಯೊಳಗಿನ ಅಲ್ಪಸ್ವಲ್ಪ ನೀರು ಹೋಗುವ ಹೊತ್ತು ಅದು. ಬೇಸರ ಬಂದು ಉರಿ ಹೆಚ್ಚಿಸುವುದು ಸರಿಯಾಗಿ ಈ ಘಳಿಗೆಯಲ್ಲೇ, ಕರಕಲಾಗುವುದು ಅದರ ಮುಂದಿನ ಘಳಿಗೆಯಲ್ಲಿ. ಬಣ್ಣ ಒಮ್ಮೆ ಹತ್ತತೊಡಗಿದರೆ ಬಹಳ ಬೇಗ ಏರುತ್ತದೆ. ಒಟ್ಟು ಆರರಿಂದ ಎಂಟು ನಿಮಿಷ ಹಿಡಿಯಬಹುದು. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಇನ್ನೂ ಕಪ್ಪಾಗುತ್ತದೆ, ಏರ್ ಫ್ರೈಯರಿನಲ್ಲೂ ಸ್ವಲ್ಪ ಬಣ್ಣ ಏರುವುದು ಬಾಕಿ ಇದೆ. ಪೂರ್ತಿ ತಣ್ಣಗಾದ ಮೇಲೆಯೇ ಬಳಸಬೇಕು. ಬಿಸಿ ಪುಡಿ ತಾಗಿದರೆ ಮೊಟ್ಟೆ ಅಲ್ಲಲ್ಲೇ ಗಟ್ಟಿಯಾಗಿ ಅಂಟುವ ಗುಣ ಕಳೆದುಕೊಳ್ಳುತ್ತದೆ.

ಮಾಂಸ: ದಪ್ಪವೇ ದೊಡ್ಡ ವಿಷಯ

ಬೇಯುವ ಸಮಯ ದಪ್ಪದ ಜೊತೆ ಸಮಸಮವಾಗಿ ಏರುವುದಿಲ್ಲ, ಹೆಚ್ಚುಕಡಿಮೆ ದಪ್ಪದ ವರ್ಗದಂತೆ ಏರುತ್ತದೆ. ಒಂದೂವರೆ ಸೆಂಟಿಮೀಟರಿನ ತುಂಡಿಗಿಂತ ಮೂರು ಸೆಂಟಿಮೀಟರಿನದಕ್ಕೆ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಕೋಳಿಯ ಎದೆಭಾಗ ಒಂದು ತುದಿಯಲ್ಲಿ ಉಬ್ಬಿ ಇನ್ನೊಂದು ತುದಿಯಲ್ಲಿ ತೆಳ್ಳಗಿರುವುದರಿಂದ ಹಾಗೆಯೇ ಹಾಕಿದರೆ ಚೂಪು ತುದಿ ಒಣಗುವಾಗ ಉಬ್ಬು ಇನ್ನೂ ಹಸಿ.

ಅದಕ್ಕೆ ಜಪಾನೀ ಅಡುಗೆಯಲ್ಲಿ ‘ಕಾನ್ನೊನ್ ಬಿರಾಕಿ’ ಎಂಬ ಕ್ರಮವಿದೆ. ಕಾನ್ನೊನ್ ಎಂದರೆ ಕರುಣೆಯ ಬೋಧಿಸತ್ವ. ಆಕೆಯ ಮೂರ್ತಿಯಿಡುವ ಪುಟ್ಟ ಗುಡಿಯ ಜೋಡಿ ಬಾಗಿಲು ಎರಡು ಕಡೆಗೆ ತೆರೆಯುವ ಹಾಗೆ ಮಾಂಸವನ್ನು ತೆರೆಯುವುದು. ನಡುವೆ ಅರ್ಧ ಆಳಕ್ಕೆ ಸೀಳಿ, ಚಾಕುವನ್ನು ಅಡ್ಡ ಮಲಗಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಡಿಸಿದರೆ ಇಡೀ ತುಂಡು ಒಂದೇ ದಪ್ಪಕ್ಕೆ ಬರುತ್ತದೆ. ಅಷ್ಟು ಕೈಚಳಕ ಬೇಡವೆಂದರೆ 250 ಗ್ರಾಂನ ಎದೆಭಾಗವನ್ನು ಅಡ್ಡಡ್ಡ ಎರಡು ಪದರವಾಗಿ ಸೀಳಿ, ದಪ್ಪ ಉಳಿದ ಕಡೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ. ಒಂದೂವರೆ ಸೆಂಟಿಮೀಟರ್ ಸಾಕು. ಇನ್ನೂ ತೆಳುವಾದರೆ ಬಾಯಿಗೆ ಬರುವುದು ಬರೀ ಹೊದಿಕೆ.

ತೊಡೆಭಾಗ ಬಳಸುವುದೇ ನನಗೆ ಹೆಚ್ಚು ಇಷ್ಟ. ಅದರಲ್ಲಿ ಕೊಬ್ಬೂ ಜೋಡಣೆಯ ಅಂಗಾಂಶವೂ ಹೆಚ್ಚಿರುವುದರಿಂದ ಎರಡು ನಿಮಿಷ ಜಾಸ್ತಿ ಬೆಂದರೂ ರಸ ಆರುವುದಿಲ್ಲ. ಎದೆಭಾಗಕ್ಕೆ ಆ ರಿಯಾಯಿತಿ ಇಲ್ಲ.

ಯಾವುದೇ ಆಗಲಿ, ತೂಕದ ನೂರಕ್ಕೆ ಒಂದರಷ್ಟು ಉಪ್ಪು, ಅರ್ಧ ಕಿಲೋಗೆ 5 ಗ್ರಾಂ, ಜೊತೆಗೆ ಕಾಳುಮೆಣಸಿನ ಪುಡಿ ಸವರಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಆಮೇಲೆ ಆ ಉಪ್ಪುನೀರು ಮಾಂಸಕ್ಕೇ ಮರಳಿ ಪ್ರೋಟೀನುಗಳನ್ನು ಸಡಿಲಿಸಿ ಬೇಯುವಾಗ ರಸ ಹಿಡಿದಿಡಲು ನೆರವಾಗುತ್ತದೆ. ಹೊರತೆಗೆದ ಮೇಲೆ ಕಾಗದದ ಟವೆಲಿನಿಂದ ಒತ್ತಿ ಪಸೆ ತೆಗೆಯಿರಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದು ಬೇಡ. ಬ್ಯಾಕ್ಟೀರಿಯಾಗಳು ತೊಳೆದುಹೋಗುವುದಿಲ್ಲ, ಹನಿಗಳ ಜೊತೆ ಅಡುಗೆಮನೆಯ ತುಂಬ ಹರಡುತ್ತವೆ.

ಮೂರು ಪದರ

ಮೈದಾ, ಮೊಟ್ಟೆ, ಪಾಂಕೊ ಎಂಬ ಕ್ರಮ ಎಲ್ಲರಿಗೂ ಗೊತ್ತು. ಮೈದಾ ಮಾಂಸದ ಜಾರುವ ಮೈಗೆ ಹಿಡಿತ ಕೊಡುತ್ತದೆ, ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಅಂಟಿನಂತೆ ಕೆಲಸ ಮಾಡುತ್ತದೆ. ಏರ್ ಫ್ರೈಯರಿನಲ್ಲಿ ಬರೀ ಮೊಟ್ಟೆ ಸ್ವಲ್ಪ ತೊಂದರೆ ಕೊಡುತ್ತದೆ. ಎಣ್ಣೆಯಲ್ಲಿ ಅದು ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಇಲ್ಲಿ ಗಟ್ಟಿಯಾಗುವ ಮೊದಲೇ ಕೆಳಗಿಳಿದು ಹೊದಿಕೆ ಕಳಚಿಕೊಳ್ಳಲು ದಾರಿ ಮಾಡುತ್ತದೆ. ಜಪಾನಿನ ಅಡುಗೆಯವರು ಮೊಟ್ಟೆಗೇ ಹಿಟ್ಟು ಮತ್ತು ನೀರು ಬೆರೆಸಿ ‘ಬತ್ತಾ ಎಕಿ’ ಎಂಬ ಮಂದ ದ್ರವ ಮಾಡಿಕೊಳ್ಳುವುದುಂಟು. ನಾನು ಅದನ್ನೇ ಹಿಡಿದಿದ್ದೇನೆ: ಒಂದು ಮೊಟ್ಟೆ, ಮೂರು ದೊಡ್ಡ ಚಮಚ ಮೈದಾ, ಎರಡು ದೊಡ್ಡ ಚಮಚ ನೀರು. ಚಮಚ ಎತ್ತಿದರೆ ನಿಧಾನವಾಗಿ ಜಾರಬೇಕು. ಅದಕ್ಕೆ ಮುನ್ನ ಮಾಂಸಕ್ಕೆ ಒಣ ಮೈದಾ ಮಂಜಿನಷ್ಟು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಕೊಡವಿಬಿಡಿ. ಮೈದಾ ದಪ್ಪವಾಗಿ ಕುಳಿತರೆ ಅದೇ ಪದರದಲ್ಲಿ ಹೊದಿಕೆ ಸೀಳಿಕೊಂಡು ಇಡಿಯಾಗಿ ಎದ್ದುಬರುತ್ತದೆ.

ಒಂದು ಕೈ ಒಣ ಕೆಲಸಕ್ಕೆ, ಇನ್ನೊಂದು ಕೈ ಒದ್ದೆ ಕೆಲಸಕ್ಕೆ. ಇದನ್ನು ಮರೆತರೆ ಬೆರಳುಗಳೇ ಕಟ್ಸು ಆಗುತ್ತವೆ. ತುಂಡನ್ನು ಪಾಂಕೊ ತಟ್ಟೆಯಲ್ಲಿಟ್ಟು ಮೇಲಿನಿಂದಲೂ ಪುಡಿ ಎಳೆದು, ಅಂಗೈಯಿಂದ ಅಂಟುವಷ್ಟು ಒತ್ತಿ. ಚೂರುಗಳು ಪುಡಿಪುಡಿಯಾಗುವಷ್ಟು ಅಲ್ಲ. ಆಮೇಲೆ ಐದು ನಿಮಿಷ ಸುಮ್ಮನೆ ಬಿಟ್ಟರೆ ಹಿಟ್ಟು ನೀರು ಹೀರಿ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಸಿ ಕೋಳಿ ತಾಗಿದ ಪುಡಿ ಮಿಕ್ಕರೆ ಎಸೆಯಬೇಕು. ಮನಸ್ಸು ಒಪ್ಪುವುದಿಲ್ಲವಾದರೆ ಹುರಿದ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ತಟ್ಟೆಗೆ ಹಾಕಿಕೊಳ್ಳಿ. ಮಾಂಸ ಮುಟ್ಟದೆ ಉಳಿದದ್ದು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ಯಂತ್ರದೊಳಗೆ

190 ಡಿಗ್ರಿಯಲ್ಲಿ ಐದು ನಿಮಿಷ ಖಾಲಿ ಯಂತ್ರವನ್ನು ಕಾಯಿಸಿ. ತಣ್ಣನೆಯ ಬುಟ್ಟಿಗೆ ಹಾಕಿದರೆ ತಳ ಹಬೆಯಲ್ಲಿ ಬೆಂದು ಅಂಟಿಕೊಳ್ಳುತ್ತದೆ. ಬುಟ್ಟಿಯ ಜಾಲರಿಗೆ ಬ್ರಶ್ಶಿನಿಂದ ಎಣ್ಣೆ ಸವರಿ, ತುಂಡುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಒಂದೇ ಪದರದಲ್ಲಿ ಇಡಿ. ನಾಲ್ಕೂ ಹಿಡಿಸದಿದ್ದರೆ ಎರಡೆರಡಾಗಿ ಮಾಡಿ. ಒಂದರ ಮೇಲೊಂದು ಹೇರಿದರೆ ಗಾಳಿ ಓಡಾಡಲು ದಾರಿಯೇ ಇರುವುದಿಲ್ಲ, ಸಿಗುವುದು ಹಬೆಯಲ್ಲಿ ಬೆಂದ ಬ್ರೆಡ್ಡು. ಬೇಕಿಂಗ್ ಕಾಗದ ಹಾಸುವವರು ತೂತುಗಳಿರುವುದನ್ನೇ ತನ್ನಿ, ಯಂತ್ರ ಕಾಯುವಾಗ ಅದನ್ನು ಒಂಟಿಯಾಗಿ ಒಳಗೆ ಬಿಡಬೇಡಿ: ಫ್ಯಾನಿನ ಗಾಳಿಗೆ ಎದ್ದು ಕೆಂಡದಂತಿರುವ ಸುರುಳಿಗೆ ತಾಗಿ ಬೆಂಕಿ ಹತ್ತಬಹುದು. ಸಡಿಲವಾಗಿ ಅಂಟಿರುವ ಪಾಂಕೊ ಚೂರುಗಳೂ ಹೀಗೆಯೇ ಹಾರಿ ಸುಟ್ಟು ಕಹಿ ವಾಸನೆ ಎಬ್ಬಿಸುತ್ತವೆ, ಹಾಗಾಗಿ ಇಡುವ ಮೊದಲೊಮ್ಮೆ ಕೊಡವಿ.

ಒಂದೂವರೆ ಸೆಂಟಿಮೀಟರಿನ ಎದೆಭಾಗಕ್ಕೆ 190 ಡಿಗ್ರಿಯಲ್ಲಿ ಐದು ನಿಮಿಷ, ತಿರುವಿ ಹಾಕಿ ಮತ್ತೆ ನಾಲ್ಕೈದು ನಿಮಿಷ. ತೊಡೆಭಾಗಕ್ಕೆ ಇನ್ನೆರಡು ನಿಮಿಷ. ಮೊದಲ ಐದು ನಿಮಿಷ ತೆರೆದು ಇಣುಕಬೇಡಿ, ಕದಲಿಸಬೇಡಿ. ಮೊಟ್ಟೆ ಗಟ್ಟಿಯಾಗದೆ ಇಕ್ಕಳ ಹಾಕಿದರೆ ಹೊದಿಕೆ ಇಕ್ಕಳಕ್ಕೇ ಬರುತ್ತದೆ. ಯಂತ್ರದಿಂದ ಯಂತ್ರಕ್ಕೆ ಬಿಸಿ ಬೇರೆಯಾದ್ದರಿಂದ ನಿಮಿಷಗಳನ್ನು ನಂಬುವುದಕ್ಕಿಂತ ಅಡುಗೆಯ ಥರ್ಮಾಮೀಟರನ್ನು ನಂಬುವುದು ಮೇಲು. ಪಕ್ಕದಿಂದ ಅತಿ ದಪ್ಪನೆಯ ಭಾಗದ ನಡುವಿಗೆ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಕೋಳಿ ಸುರಕ್ಷಿತವಾಗಿ ಬೆಂದಿದೆ. ಬಣ್ಣ ಮೊದಲೇ ಬಂದಿರುವುದರಿಂದ ಈಗ ಅದಕ್ಕಾಗಿ ಕಾಯುವ ಗೋಜಿಲ್ಲ, 74 ಕಂಡ ಕೂಡಲೇ ತೆಗೆಯಬಹುದು. ಆದರೆ ಇದೇ ಕಾರಣಕ್ಕೆ ಒಂದು ಎಚ್ಚರವೂ ಬೇಕು. ಕರಿದ ಕಟ್ಸುವಿನಲ್ಲಿ ಬಣ್ಣ ಬೆಂದಿದ್ದಕ್ಕೆ ಸ್ವಲ್ಪವಾದರೂ ಸುಳಿವು. ಇಲ್ಲಿ ಬುಟ್ಟಿಗೆ ಇಳಿಯುವ ಮೊದಲೇ ಅದು ಹೊಂಬಣ್ಣದ್ದು.

ಎಣ್ಣೆಯಲ್ಲಿ ಕರಿದದ್ದಕ್ಕೆ ಇದು ಸರಿಸಾಟಿಯೇ ಎಂದು ಕೇಳಿದರೆ, ಅಲ್ಲ. ಎಣ್ಣೆಯಲ್ಲಿ ನಿಮಿರುವ ಪಾಂಕೊದ ಆ ಒರಟು ಸೊಬಗು ಇಲ್ಲಿ ಪೂರ್ತಿ ಬರುವುದಿಲ್ಲ, ಹೊದಿಕೆ ತುಸು ಒಣಗಲು ಅನಿಸುತ್ತದೆ. ಆದರೆ ಗರಿಗರಿಯ ವಿಷಯದಲ್ಲಿ ಕೊರತೆಯಿಲ್ಲ, ಅಡುಗೆ ಮುಗಿದ ಮೇಲೆ ಒಂದು ಲೀಟರ್ ಬಳಸಿದ ಎಣ್ಣೆಯನ್ನು ಏನು ಮಾಡುವುದೆಂದು ಯೋಚಿಸಬೇಕಾಗಿಲ್ಲ.

ತಟ್ಟೆಗೆ ಬರುವಾಗ

ಬಿಸಿ ಕಟ್ಸುವನ್ನು ನೇರವಾಗಿ ತಟ್ಟೆಯ ಮೇಲೆ ಮಲಗಿಸಿದರೆ ಅದರದೇ ಹಬೆ ತಳವನ್ನು ನೆನೆಸಿ ಮೆತ್ತಗಾಗಿಸುತ್ತದೆ. ತಂತಿಯ ಜಾಲರಿಯ ಮೇಲೆ ಮೂರ್ನಾಲ್ಕು ನಿಮಿಷ ಇಡಿ. ಕತ್ತರಿಸುವಾಗ ಗರಗಸದಂತೆ ಎಳೆದಾಡದೆ, ಹರಿತವಾದ ಚಾಕುವನ್ನು ಮೇಲಿನಿಂದ ಒಮ್ಮೆಗೇ ಒತ್ತಿದರೆ ಹೊದಿಕೆ ಕಳಚುವುದಿಲ್ಲ. ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ ತಿನ್ನುವಂತೆ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸುವುದು ಪದ್ಧತಿ.

ಎಲೆಕೋಸನ್ನು ಸಾಧ್ಯವಾದಷ್ಟು ಸಣ್ಣಗೆ ಹೆಚ್ಚಿ ಹತ್ತು ನಿಮಿಷ ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಜೀವಕೋಶಗಳು ನೀರು ಕುಡಿದು ಬಿಗಿಯಾಗುತ್ತವೆ. ಚೆನ್ನಾಗಿ ಬಸಿಯಬೇಕು, ಇಲ್ಲವಾದರೆ ತಟ್ಟೆಯಲ್ಲಿ ಹರಿದ ನೀರು ಕಟ್ಸುವಿಗೆ ತಗಲುತ್ತದೆ. ಸಾಸ್ ಸಿದ್ಧವಾಗಿಯೂ ಸಿಗುತ್ತದೆ. ಮನೆಯಲ್ಲಾದರೆ ಮೂರು ದೊಡ್ಡ ಚಮಚ ಟೊಮೆಟೊ ಕೆಚಪ್, ಎರಡು ದೊಡ್ಡ ಚಮಚ ವೂಸ್ಟರ್ ಸಾಸ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಿಕ್ಕ ಚಮಚ ಸಕ್ಕರೆ ಕಲಸಿದರೆ ಹತ್ತಿರದ ರುಚಿ ಬರುತ್ತದೆ. ಆಗಷ್ಟೇ ಕುಟ್ಟಿದ ಹುರಿದ ಎಳ್ಳು ಸೇರಿಸಿದರೆ ಇನ್ನೂ ಒಳ್ಳೆಯದು. ಸಾಸನ್ನು ಮೇಲೆ ಸುರಿಯದೆ ಪಕ್ಕದಲ್ಲಿಡಿ. ಅನ್ನ ಮತ್ತು ಮಸಾಲೆ ಗಸಿಯ ಜೊತೆ ಬಡಿಸುವ ‘ಕಟ್ಸು ಕರ್ರಿ’ ಮಾಡುವಾಗಲೂ ಗಸಿಯನ್ನು ಅನ್ನದ ಕಡೆಗೆ ಬಿಟ್ಟು ಕಟ್ಸುವಿನ ಒಂದು ಅಂಚನ್ನಷ್ಟೇ ತಾಗಿಸುವುದು ಜಾಣತನ. ಬ್ರಿಟನ್ನಿನಲ್ಲಿ ಈಗ ‘ಕಟ್ಸು’ ಎಂದರೆ ಆ ಗಸಿಯೇ ಎಂದುಕೊಂಡವರಿದ್ದಾರೆ; ಪಾಪ, ಹೆಸರು ಕೊಟ್ಟ ತುಂಡು ಅದರಡಿ ಮುಳುಗಿದೆ.

ಉಳಿದದ್ದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಹೊದಿಕೆ ಒದ್ದೆ ಬಟ್ಟೆಯಾಗುತ್ತದೆ. ಏರ್ ಫ್ರೈಯರಿನಲ್ಲೇ 180 ಡಿಗ್ರಿಗೆ ನಾಲ್ಕೈದು ನಿಮಿಷ ಸಾಕು. ಅಥವಾ ಗರಿಗರಿಯ ಆಸೆಯನ್ನೇ ಬಿಟ್ಟು ಕಟ್ಸುದೊನ್ ಮಾಡಬಹುದು: ಸೀಳಿದ ಈರುಳ್ಳಿಯನ್ನು ದಾಶಿ (ಒಣಮೀನು, ಕಡಲಕಳೆಯ ತಿಳಿಸಾರು), ಸೋಯಾ, ಮಿರಿನ್ನಿನಲ್ಲಿ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ) ಬೇಯಿಸಿ, ಕತ್ತರಿಸಿದ ಕಟ್ಸು ಅದರ ಮೇಲಿಟ್ಟು ಚೆನ್ನಾಗಿ ಬಿಸಿಯಾದ ಮೇಲೆ, ಕದಡಿದ ಎರಡು ಮೊಟ್ಟೆಗಳನ್ನು ಸುತ್ತ ಸುರಿದು ಮುಚ್ಚಳ ಮುಚ್ಚಿ. ಮೊಟ್ಟೆ ಇನ್ನೂ ಅಲುಗಾಡುತ್ತಿರುವಾಗಲೇ ಬಿಸಿ ಅನ್ನದ ಮೇಲೆ ಜಾರಿಸಿಬಿಡಿ.